ಓರೆ ಬಲಗಳ ಟಾರ್ಕ್: ಕೋನವನ್ನು ಎಲ್ಲಿಂದ ಅಳೆಯಲಾಗಿದೆ?

ರಾಯಚೂರಿನಲ್ಲಿ ಡಿಪ್ಲೊಮಾ ಓದುತ್ತಿರುವ ನನ್ನ ಅಕ್ಕನ ಮಗನಿಗೂ ಅವನ ಗೆಳೆಯನಿಗೂ ಒಂದೇ ಲೆಕ್ಕಕ್ಕೆ ಎರಡು ಉತ್ತರಗಳು ಬಂದಿದ್ದವು. ಅದನ್ನು ಬಿಡಿಸಿದ ಬಗೆಯನ್ನು ಇತರ ವಿದ್ಯಾರ್ಥಿಗಳಿಗೂ ನೆರವಾಗಲೆಂದು ಬರೆಯುತ್ತಿದ್ದೇನೆ.

ಎಡತುದಿಯಲ್ಲಿ ಕೀಲಿಗೆ ಸಿಕ್ಕಿಸಿದ, ಅಡ್ಡವಾಗಿ ನಿಂತಿರುವ 4 ಮೀಟರ್ ಉದ್ದದ ಸಮರೂಪ ತೊಲೆಯ ತೂಕ 100 ನ್ಯೂಟನ್. ಬಲತುದಿಯನ್ನು ಹಗ್ಗವೊಂದು 120 ನ್ಯೂಟನ್ ಬಲದಿಂದ, ತೊಲೆಯೊಂದಿಗೆ 30 ಡಿಗ್ರಿ ಕೋನದಲ್ಲಿ ಮೇಲಕ್ಕೆ ಎಳೆಯುತ್ತದೆ. ಕೀಲಿನಿಂದ 3 ಮೀಟರ್ ದೂರದಲ್ಲಿ 40 ನ್ಯೂಟನ್ ಬಲವೊಂದು ಲಂಬರೇಖೆಯಿಂದ 30 ಡಿಗ್ರಿ ವಾಲಿ ಕೆಳಕ್ಕೆ ಒತ್ತುತ್ತದೆ. ಕೀಲಿನ ಸುತ್ತ ನಿವ್ವಳ ಟಾರ್ಕ್, ಅಂದರೆ ಈ ಬಲಗಳೆಲ್ಲ ಸೇರಿ ತೊಲೆಯನ್ನು ತಿರುಗಿಸುವ ಪರಿಣಾಮ, ಎಷ್ಟು ಎಂಬುದು ಪ್ರಶ್ನೆ.

ತೊಡಕು ಇದ್ದದ್ದು ಈ ಎರಡನೆಯ 30 ಡಿಗ್ರಿಯಲ್ಲಿ. ಬಾಗಿಲನ್ನು ಅದರ ತಿರುಗಣಿಯ ಕಡೆಗೇ ದೂಡಿದರೆ ಹೇಗೆ ತೆರೆಯುವುದಿಲ್ಲವೋ ಹಾಗೆಯೇ ತೊಲೆಯ ಉದ್ದಕ್ಕೆ ಸಾಗುವ ಬಲದ ಭಾಗವು ತೊಲೆಯನ್ನು ತಿರುಗಿಸುವುದಿಲ್ಲ. ತಿರುಗಿಸುವುದು ತೊಲೆಗೆ ಲಂಬವಾದ ಭಾಗ ಮಾತ್ರ. ಆದ್ದರಿಂದ ಟಾರ್ಕ್ ಕೊಡುವ ದೂರ, ಬಲ ಮತ್ತು ಕೋನದ ಸೈನ್‌ಗಳ ಗುಣಲಬ್ಧದಲ್ಲಿ ಬರಬೇಕಾದದ್ದು ತೊಲೆಗೂ ಬಲಕ್ಕೂ ನಡುವಿನ ಕೋನ, ಅಂದರೆ ಈ ಓರೆ ಬಲಕ್ಕೆ 90 − 30 = 60 ಡಿಗ್ರಿ. ಚಿತ್ರ ಬರೆಯದೆ ಇಂಥ ಲೆಕ್ಕಕ್ಕೆ ಕೈಹಾಕಲೇಬಾರದು ಎಂಬುದು ನನ್ನ ದೃಢ ಅಭಿಪ್ರಾಯ.

ಅಪ್ರದಕ್ಷಿಣ ದಿಕ್ಕನ್ನು ಧನವೆಂದು ಮೊದಲೇ ನಿಶ್ಚಯಿಸಿಕೊಂಡರೆ, ಹಗ್ಗದ ಟಾರ್ಕ್ +240, ತೊಲೆಯ ಮಧ್ಯದಲ್ಲಿ ವರ್ತಿಸುವ ತೂಕದ್ದು −200, ಓರೆ ಬಲದ್ದು ಸುಮಾರು −103.9, ನಿವ್ವಳ ಟಾರ್ಕ್ −63.9 ನ್ಯೂಟನ್ ಮೀಟರ್, ಅಂದರೆ ಪ್ರದಕ್ಷಿಣ ದಿಕ್ಕಿನಲ್ಲಿ. ಓರೆ ಬಲಕ್ಕೆ ಸೈನ್ 30 ಎಂದು ಹಾಕಿದ್ದರಿಂದ ಗೆಳೆಯನಿಗೆ −20 ಬಂದಿತ್ತು.

ಕೀಲಿನಿಂದ ಬಲರೇಖೆಗಳಿಗೆ ಎಳೆದ ಲಂಬದೂರಗಳಿಂದಲೂ ತಾಳೆ ನೋಡಿದೆವು: ಹಗ್ಗಕ್ಕೆ 2 ಮೀಟರ್, ಓರೆ ಬಲಕ್ಕೆ ಸುಮಾರು 2.6 ಮೀಟರ್, ಉತ್ತರ ಹೊಂದಿತು.