ಐದು ತಿಂಗಳ ಬಸುರಿನಲ್ಲಿ ಪ್ಯಾಡಲ್‌ಬೋರ್ಡ್: ಸುವರ್ಣಾ ಹೊಳೆಯ ಮೂರು ಬೆಳಗು

ಪ್ಯಾಡಲ್‌ಬೋರ್ಡ್ ಎಂದರೆ ನೀರಿನ ಮೇಲೆ ನಿಂತು, ಪ್ಯಾಡಲ್ ಎಂಬ ಹುಟ್ಟು ಹಾಕುತ್ತಾ ಸಾಗುವ ಉದ್ದನೆಯ ತೇಲುಹಲಗೆ. ಮೊದಲೇ ಹೇಳಿಬಿಡುತ್ತೇನೆ, ನಾನು ಬೋರ್ಡಿನ ಮೇಲೆ ನಿಲ್ಲಲಿಲ್ಲ. 21ನೇ ವಾರಕ್ಕೆ ಹೊಟ್ಟೆಯ ಭಾರ ಮುಂದಕ್ಕೆ ಎಳೆಯುತ್ತದೆ, ಕೀಲುಗಳ ಬಿಗಿ ಸಡಿಲವಾಗಿರುತ್ತದೆ. ಎಷ್ಟು ವರ್ಷದ ಅಭ್ಯಾಸವಿದ್ದರೂ ಮೈ ಹಳೆಯ ತೂಕದ ಲೆಕ್ಕದಲ್ಲೇ ಬಾಗಲು ಹೋಗಿ ತಪ್ಪುತ್ತದೆ. ಮೂರೂ ದಿನ ನಾನು ಕೂತೇ ಹೋದೆ, ಗಂಡ ಇನ್ನೊಂದು ಬೋರ್ಡಿನಲ್ಲಿ ಪಕ್ಕದಲ್ಲಿದ್ದ. ಇಬ್ಬರೂ ಒಂದೇ ಬೋರ್ಡಿನಲ್ಲಿ ಹೋದರೆ ಫೋಟೋ ಚೆನ್ನಾಗಿ ಬರುತ್ತದೆ, ಆದರೆ ಒಬ್ಬರು ವಾಲಿದರೆ ಇನ್ನೊಬ್ಬರೂ ನೀರಿಗೆ.

ಹೊರಡುವ ದಿನವನ್ನು ಗೊತ್ತು ಮಾಡಿದ್ದು 18ರಿಂದ 20ನೇ ವಾರದೊಳಗೆ ಮಾಡುವ ಸ್ಕ್ಯಾನ್ ಆದ ಮೇಲೆ. ಮಾಸು ಎಲ್ಲಿ ಅಂಟಿಕೊಂಡಿದೆ ಎಂಬುದು ಆಗ ಕಾಣುತ್ತದೆ. ಮಾಸು ಕೆಳಗಿದ್ದರೆ, ರಕ್ತಸ್ರಾವ ಆಗಿದ್ದರೆ, ಗರ್ಭದ ಕೊರಳು ಗಿಡ್ಡವಾಗಿದ್ದರೆ ಈ ಬರಹವನ್ನು ಇಲ್ಲಿಗೇ ಬಿಟ್ಟುಬಿಡಿ. ವೈದ್ಯರ ಹತ್ತಿರ ‘ನೀರಿನಲ್ಲಿ ಆಡಬಹುದಾ’ ಎಂದು ಕೇಳಬೇಡಿ, ಈಜಬಹುದು ಎಂದುಬಿಡುತ್ತಾರೆ. ‘ಬೀಳುವ ಸಾಧ್ಯತೆ ಇರುವ ಹಲಗೆಯ ಮೇಲೆ, ಅಲೆ ಇಲ್ಲದ ಹೊಳೆಯಲ್ಲಿ, ಕೂತು, 45 ನಿಮಿಷ’ ಎಂದು ಬಿಡಿಸಿ ಹೇಳಿ. ರಕ್ತದ ಗುಂಪು ನೆಗೆಟಿವ್ ಆಗಿದ್ದರೆ ಅದನ್ನೂ ನೆನಪಿಸಿ. ಹೊಟ್ಟೆಗೆ ಪೆಟ್ಟು ಬಿದ್ದರೆ 72 ಗಂಟೆಯೊಳಗೆ, ತಾಯಿಯ ಮೈ ಮಗುವಿನ ರಕ್ತದ ವಿರುದ್ಧ ತಿರುಗದಂತೆ ತಡೆಯುವ ಆ್ಯಂಟಿ-ಡಿ ಇಂಜೆಕ್ಷನ್ ಬೇಕಾಗಬಹುದು.

ಜಾಗ, ಉಡುಪಿಯ ಹೂಡೆಯಿಂದ ಕೋಡಿಬೆಂಗ್ರೆಗೆ ಹೋಗುವ ರಸ್ತೆ. ಎಡಕ್ಕೆ ಕಡಲು, ಬಲಕ್ಕೆ ಸುವರ್ಣಾ ಹೊಳೆ, ನಡುವೆ ತೆಂಗಿನ ಮರಗಳ ಒಂದು ಪಟ್ಟಿ ನೆಲ. ಕಡಲ ಕಡೆ ನಾವು ಬೋರ್ಡ್ ಇಳಿಸಲೇ ಇಲ್ಲ. ಅಲೆ ಒಡೆಯುವ ಕಡೆ ಕೂತಿದ್ದರೂ ಬೀಳುವುದು ಖಂಡಿತ, ಬಿದ್ದ ಮೇಲೆ ಬೋರ್ಡೇ ಬಂದು ಹೊಟ್ಟೆಗೆ ಬಡಿಯುತ್ತದೆ. ಹೊಳೆ ಈ ಪಟ್ಟಿಗೆ ಸಮಾನಾಂತರವಾಗಿ ಉತ್ತರಕ್ಕೆ ಹರಿದು, ಸೀತಾ ನದಿಯ ಜೊತೆ ಕೋಡಿಬೆಂಗ್ರೆಯ ಅಳಿವೆಯಲ್ಲಿ ಕಡಲು ಸೇರುತ್ತದೆ. ಅಳಿವೆ ಕಣ್ಣಿಗೆ ಎಷ್ಟು ಶಾಂತವಾಗಿ ಕಂಡರೂ ಇಳಿತದ ಹೊತ್ತಿಗೆ ಅಲ್ಲಿನ ಸೆಳೆತಕ್ಕೆ ಪ್ಯಾಡಲ್ ಸಾಲದು. ಹಾಗಾಗಿ ಅಳಿವೆಯಿಂದ ಎರಡು ಕಿಲೋಮೀಟರಿಗೂ ಹೆಚ್ಚು ದಕ್ಷಿಣಕ್ಕೆ ಇಳಿದು, ಕೆಮ್ಮಣ್ಣು ಊರಿನ ಕುದ್ರುಗಳ (ಹೊಳೆಯ ನಡುವಿನ ದ್ವೀಪಗಳ) ಕಡೆಗೆ ಹೋಗುವ ಲೆಕ್ಕ ಹಾಕಿದೆವು.

ಇಡೀ ರಜೆ ನಿಂತಿದ್ದು ಭರತ-ಇಳಿತದ ಮೇಲೆ. ಒಂದು ತುಂಬು ಭರತದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ. ಅಂದರೆ ಬೆಳಗಿನ ಭರತ ದಿನಕ್ಕೆ ಹೆಚ್ಚುಕಡಿಮೆ 50 ನಿಮಿಷ ಮುಂದೆ ಹೋಗುತ್ತದೆ. ನಮಗೆ ಬೇಕಿದ್ದದ್ದು ಏಳೂವರೆಯಿಂದ ಒಂಬತ್ತರ ಒಳಗಿನ ತುಂಬು ಭರತ. ಅದು ಹದಿನೈದು ದಿನಕ್ಕೊಮ್ಮೆ ಎರಡು ಮೂರು ಬೆಳಗು ಮಾತ್ರ ಸಿಗುತ್ತದೆ. ರಜೆ ಹಾಕಿ, ಕೋಣೆ ಕಾದಿರಿಸಿ, ಆಮೇಲೆ ಭರತ ನೋಡುವವರೇ ಹೆಚ್ಚು. ನಾವು ಮಲ್ಪೆ ಬಂದರಿನ ಭರತದ ಪಟ್ಟಿ ಮುಂದಿಟ್ಟುಕೊಂಡು ರಜೆ ಹಾಕಿದೆವು.

ಕ್ರಮ ಇಷ್ಟು: ಭರತದ ಕೊನೆಯ ಒಂದು ಗಂಟೆಯಲ್ಲಿ ನೀರಿನ ಜೊತೆಗೇ ಮೇಲಕ್ಕೆ, ನೀರು ನಿಂತಾಗ ಕುದ್ರುವಿನ ಬದಿ ಇಳಿದು ಸುಧಾರಿಸಿಕೊಳ್ಳುವುದು, ಇಳಿತದ ಮೊದಲ ಗಂಟೆಯಲ್ಲಿ ವಾಪಸ್. ಈ ಎರಡು ಗಂಟೆಯನ್ನೇ ಆರಿಸಿದ್ದಕ್ಕೆ ಲೆಕ್ಕ ಇದೆ. 120 ಸೆಂಟಿಮೀಟರ್ ಏರುವ ದಿನ ಎಂದಿಟ್ಟುಕೊಳ್ಳಿ. ಆರು ಗಂಟೆಯಲ್ಲಿ ಅದು ಗಂಟೆಗೆ 10, 20, 30, 30, 20, 10 ಸೆಂಟಿಮೀಟರಿನಂತೆ ಏರುತ್ತದೆ, ಇಳಿಯುವುದೂ ಹಾಗೆಯೇ. ನಡುವಿನ ಎರಡು ಗಂಟೆಯಲ್ಲೇ ಅರ್ಧ ನೀರು ಓಡುತ್ತದೆ, ಆ ಹೊತ್ತಿಗೆ ನಾವು ದಡದಲ್ಲಿರಬೇಕು. ಪಟ್ಟಿಯ ಸಮಯ ಬಂದರಿನದು, ಒಳಹೊಳೆಯಲ್ಲಿ ನೀರು ತಡವಾಗಿ ತಿರುಗುತ್ತದೆ. ಒಣ ಎಲೆಯೊಂದನ್ನು ನೀರಿಗೆ ಹಾಕಿ ಎರಡು ನಿಮಿಷ ನೋಡಿದರೆ ಯಾವ ಕಡೆಗೆ ಓಟ ಎಂದು ತಿಳಿಯುತ್ತದೆ. ನಮಗೆ ಕಂಡ ವ್ಯತ್ಯಾಸ ಅರ್ಧ ಗಂಟೆಯ ಆಸುಪಾಸು. ವಾಪಸ್ ಬರುವಾಗ ನೀರು ಅಳಿವೆಯ ಕಡೆಗೇ ಒಯ್ಯುವುದರಿಂದ, ಇಳಿಯುವ ಜಾಗಕ್ಕೆ 200 ಮೀಟರ್ ಮೊದಲೇ ಗುರುತಿಗೊಂದು ಕೆಂಪು ಬಟ್ಟೆ ಕಟ್ಟಿಟ್ಟಿದ್ದೆವು. ಅದು ಕಂಡ ಕೂಡಲೇ ದಡಕ್ಕೆ.

ಗಾಳಿಯದು ಬೇರೆ ಗಡಿಯಾರ. ಡಿಸೆಂಬರಿನಿಂದ ಫೆಬ್ರವರಿವರೆಗೆ ಬೆಳಿಗ್ಗೆ ನೆಲದ ಕಡೆಯಿಂದ ತೆಳ್ಳಗೆ ಬೀಸುತ್ತದೆ, ಬಿಸಿಲೇರಿದ ಮೇಲೆ ಕಡಲಗಾಳಿ ವಾಯವ್ಯದಿಂದ ಏಳುತ್ತದೆ. ನಾವು ಉತ್ತರಕ್ಕೆ ಮರಳುವವರಾದ್ದರಿಂದ ಅದು ನೇರ ಮುಖಕ್ಕೆ. ತೆಂಗಿನ ಗರಿಯ ತುದಿಗಳೆಲ್ಲ ಒಂದೇ ಕಡೆಗೆ ತಿರುಗಿ ಅಲ್ಲಾಡತೊಡಗಿದರೆ ಹೊತ್ತಾಯಿತು ಎಂದರ್ಥ. ಅಷ್ಟರಲ್ಲಿ ನಮ್ಮ ಬೋರ್ಡ್ ದಡದಲ್ಲಿರುತ್ತಿತ್ತು. ಮಳೆಗಾಲ ಮುಗಿದ ಕೂಡಲೇ ಹೋಗಬೇಡಿ, ಇಳಿತದ ಓಟ ಜೋರಿರುತ್ತದೆ, ಇಲಿಜ್ವರದ ಭಯವೂ ಇದೆ. ಕಾಲಿನಲ್ಲಿ ಚಿಕ್ಕ ಗಾಯವಿದ್ದರೂ ಆ ದಿನ ಹೊಳೆ ಬೇಡ.

ಬೋರ್ಡ್ ಗಾಳಿ ತುಂಬುವಂಥದ್ದು: 10 ಅಡಿ 6 ಇಂಚು ಉದ್ದ, 34 ಇಂಚು ಅಗಲ, 6 ಇಂಚು ದಪ್ಪ. ಕೂರುವವರಿಗೆ ಅಗಲವೇ ಮುಖ್ಯ. ಒತ್ತಡ 14-15 ಪಿಎಸ್‌ಐ. ಕೈಪಂಪಿನ ಮುಳ್ಳು ಮೊದಲ ಕೆಲವು ನಿಮಿಷ ಅಲ್ಲಾಡುವುದೇ ಇಲ್ಲ, ಕೆಟ್ಟಿದೆ ಎಂದುಕೊಳ್ಳಬೇಡಿ. ಹತ್ತು ಪಿಎಸ್‌ಐಗೇ ನಿಲ್ಲಿಸಿದರೆ ಬೋರ್ಡ್ ನಡುವೆ ಜಗ್ಗಿ, ಕೂತವರ ಸೊಂಟ ನೀರಿಗೆ ತಾಗುತ್ತದೆ. ವಾಲ್ವ್ ಒಳಗಿನ ಕಡ್ಡಿ ಮೇಲಕ್ಕೆದ್ದಿರಬೇಕು. ಒತ್ತಿ ತಿರುಗಿಸಿದಾಗ ಕೆಳಗೇ ಸಿಕ್ಕಿಕೊಂಡಿದ್ದರೆ, ಹತ್ತು ನಿಮಿಷ ಬೆವರು ಸುರಿಸಿ ತುಂಬಿದ ಗಾಳಿ ಕೊಳವೆ ಕಿತ್ತ ಕೂಡಲೇ ಬುಸ್ಸೆಂದು ಹೋಗುತ್ತದೆ. ಪಂಪ್ ಹೊಡೆಯುವುದು, ಬೋರ್ಡ್ ಹೊರುವುದು ಎರಡೂ ಗಂಡನ ಪಾಲು.

ಬೋರ್ಡಿನ ಜೊತೆ ಬರುವ 9 ಇಂಚಿನ ನಡು ಫಿನ್ (ಬೋರ್ಡ್ ನೇರ ಸಾಗಲೆಂದು ಅಡಿಯಲ್ಲಿರುವ, ಮೀನಿನ ರೆಕ್ಕೆಯಂಥದ್ದು) ಬಿಚ್ಚಿ 4 ಇಂಚಿನದು ಹಾಕಿದೆವು. ಬಸುರಿನಲ್ಲಿ ಇದೊಂದನ್ನು ಮರೆಯಬಾರದು. ಸುವರ್ಣೆಯಲ್ಲಿ ಮರಳ ದಿಬ್ಬ ಎಲ್ಲೆಂದರಲ್ಲಿ ಇದೆ. ಉದ್ದ ಫಿನ್ ದಿಬ್ಬಕ್ಕೆ ಸಿಕ್ಕಿದರೆ ಬೋರ್ಡ್ ಗಕ್ಕನೆ ನಿಲ್ಲುತ್ತದೆ, ಮೇಲಿದ್ದವರು ಮುಂದಕ್ಕೆ, ಹೊಟ್ಟೆಯ ಮೇಲೇ ಬೀಳುತ್ತಾರೆ. ಚಿಕ್ಕ ಫಿನ್‌ಗೆ ಬೋರ್ಡ್ ಸ್ವಲ್ಪ ಅಡ್ಡಾದಿಡ್ಡಿ ಓಡುತ್ತದೆ, ಓಡಲಿ.

ಬೋರ್ಡಿನ ನಾಲ್ಕು ಡಿ-ಉಂಗುರಗಳಿಗೆ ಬೆನ್ನೊರಗಿನ ಕಯಾಕ್ ಸೀಟು ಕಟ್ಟಿ, ಎರಡು ಕಡೆ ಎಲೆಯಿರುವ ಪ್ಯಾಡಲ್ ಹಿಡಿದರೆ ಮೈ ತಿರುಚುವುದು ಕಡಿಮೆ. ಮೊಣಕಾಲೂರಿದರೆ ಹೆಚ್ಚು ಬಲ ಸಿಗುತ್ತದೆ ನಿಜ, ನನಗೆ ಹತ್ತೇ ನಿಮಿಷಕ್ಕೆ ಮೀನಖಂಡ ಹಿಡಿಯಿತು. ಲೈಫ್ ಜಾಕೆಟನ್ನು ಈಗಿನ ಎದೆಯ ಅಳತೆಗೆ ಹೊಸದಾಗಿ ನೋಡಿ ತೆಗೆದುಕೊಳ್ಳಬೇಕು. ಒಂದು ಪಟ್ಟಿ ಹೊಟ್ಟೆಯ ಮೇಲುಗಡೆ, ಇನ್ನೊಂದು ಕೆಳಗಡೆ, ನಡುವಿನದನ್ನು ಸಡಿಲ ಬಿಡುವುದು. ಹಾಕಿಕೊಂಡ ಮೇಲೆ ಭುಜದ ಹತ್ತಿರ ಹಿಡಿದು ಎತ್ತಿಸಿ ನೋಡಿ, ಕಿವಿಯವರೆಗೆ ಬಂದರೆ ಅದು ನಿಮ್ಮದಲ್ಲ. ಲೀಶನ್ನು, ಅಂದರೆ ಬೋರ್ಡನ್ನು ಮೈಗೆ ಜೋಡಿಸುವ ಹಗ್ಗವನ್ನು, ಕಾಲಿಗೆ ಕಟ್ಟಬೇಡಿ. ಕಾಂಡ್ಲಾ (ಉಪ್ಪುನೀರಿನ ದಡದಲ್ಲಿ ಬೆಳೆಯುವ ಮ್ಯಾಂಗ್ರೋವ್ ಗಿಡ) ಬೇರಿಗೋ ಬಲೆಯ ಗೂಟಕ್ಕೋ ಸಿಕ್ಕಿದರೆ, ಓಡುವ ನೀರಿನಲ್ಲಿ ಬಗ್ಗಿ ಕಣಕಾಲು ಬಿಡಿಸಿಕೊಳ್ಳುವುದು ಈ ಹೊಟ್ಟೆಯಲ್ಲಿ ಆಗದ ಮಾತು. ಎಳೆದರೆ ಕಳಚುವ ಸೊಂಟಪಟ್ಟಿ ಇದೆ, ಅದನ್ನು ಹೊಟ್ಟೆಯ ಕೆಳಗೆ ಕಟ್ಟಿಕೊಂಡೆ.

ಬಿದ್ದರೆ? ಮಾಮೂಲಿಗೆ ಹೊಟ್ಟೆ ಉಜ್ಜಿಕೊಂಡು ಬೋರ್ಡಿಗೆ ಹತ್ತುತ್ತೇವೆ, ಈಗ ಅದು ಆಗುವುದಿಲ್ಲ. ಒಂದೂವರೆ ಮೀಟರ್ ಪಟ್ಟಿಯ ತುದಿಯಲ್ಲಿ ಕುಣಿಕೆ ಹಾಕಿ ನಡುವಿನ ಹಿಡಿಕೆಗೆ ಕಟ್ಟಿದೆವು. ಕುಣಿಕೆಯಲ್ಲಿ ಕಾಲಿಟ್ಟು ಏಣಿಯಂತೆ ಏರಿ, ಪಕ್ಕಕ್ಕೆ ಹೊರಳಿ ಕೂರುವುದು. ಆಚೆ ಬದಿಯನ್ನು ಗಂಡ ತನ್ನ ಬೋರ್ಡಿನಿಂದ ಒತ್ತಿ ಹಿಡಿಯಬೇಕು, ಇಲ್ಲದಿದ್ದರೆ ಬೋರ್ಡ್ ಮಗುಚುತ್ತದೆ. ಸೊಂಟಮಟ್ಟದ ನೀರಿನಲ್ಲಿ ಮೊದಲ ದಿನವೇ ನಾಲ್ಕು ಸಲ ಮಾಡಿ ನೋಡಿದ್ದೆವು. ಆದರೂ ದಡದಿಂದ 20-30 ಮೀಟರಿನೊಳಗೇ ಇದ್ದೆವು. ಮರಳು ತೆಗೆದ ಕಡೆ ತಳ ಇದ್ದಕ್ಕಿದ್ದಂತೆ ಕುಸಿದಿರುತ್ತದೆ, ಕಾಂಡ್ಲಾ ಬುಡದ ಕೆಸರು ಮೊಣಕಾಲವರೆಗೆ ನುಂಗುತ್ತದೆ. ಎಲ್ಲಿ ಇಳಿಯಬಹುದು ಎಂದು ಹಿಂದಿನ ಸಂಜೆ ದೋಣಿಯವರನ್ನು ಕೇಳಿಕೊಂಡರೆ ಅರ್ಧ ಕೆಲಸ ಮುಗಿದಂತೆ. ಹೊಟ್ಟೆಗೆ ಪೆಟ್ಟಾದರೆ ನೋವಿಲ್ಲದಿದ್ದರೂ ಅದೇ ದಿನ ಆಸ್ಪತ್ರೆಗೆ ಹೋಗಬೇಕು, ಮಾಸು ಒಳಗೇ ಬಿಟ್ಟುಕೊಂಡಿರಬಹುದು. ಮಣಿಪಾಲ ಹತ್ತಿರ ಇರುವುದೂ ಈ ಜಾಗ ಆರಿಸಲು ಒಂದು ಕಾರಣ.

ಉಳಿದದ್ದು ಸಣ್ಣಪುಟ್ಟದ್ದು. ನೀರು ಕುಡಿಯಲೇಬೇಕು, ಕುಡಿದರೆ ಮುಕ್ಕಾಲು ಗಂಟೆಗೊಮ್ಮೆ ದಡಕ್ಕೆ ಹೋಗಲೇಬೇಕು. 45 ನಿಮಿಷದ ಮಿತಿ ನಿಜಕ್ಕೂ ಹುಟ್ಟಿದ್ದು ಅಲ್ಲಿಂದ. ಬೆಂಗಳೂರಿನಿಂದ ಉಡುಪಿಗೆ ರೈಲಿನಲ್ಲಿ ಕೆಳಗಿನ ಬರ್ತ್ ಹಿಡಿದು ಬನ್ನಿ, ಘಾಟಿಯ ತಿರುವುಗಳಲ್ಲಿ ಕಾರು ಯಾಕೆ? ಎರಡು ಬೋರ್ಡಿನ ಚೀಲ ತಲಾ ಹತ್ತು ಹನ್ನೆರಡು ಕಿಲೋ, ಸೀಟಿನಡಿ ಹಿಡಿಯುತ್ತವೆ. ಹೆಂಡತಿ ಬಸುರಿಯಾಗಿದ್ದಾಗ ಗಂಡ ಸಮುದ್ರಸ್ನಾನ ಮಾಡಬಾರದು ಎಂದು ಶಾಸ್ತ್ರ ಇದೆಯಂತೆ. ಅತ್ತೆ ಅದನ್ನೇ ಹಿಡಿದುಕೊಂಡರು. ಹೊಳೆ ಎಂದ ಮೇಲೆ ಸುಮ್ಮನಾದರು. ಭರತದಲ್ಲಿ ಅದೂ ಉಪ್ಪುನೀರೇ ಎಂದು ನಾವು ಹೇಳಲಿಲ್ಲ. ಮನೆಗೆ ಬಂದ ಕೂಡಲೇ ಬೋರ್ಡನ್ನೂ ಫಿನ್ನಿನ ಸ್ಕ್ರೂಗಳನ್ನೂ ಸಿಹಿನೀರಿನಲ್ಲಿ ತೊಳೆದು, ನೆರಳಲ್ಲಿ ಎರಡು ದಿನ ಒಣಗಿಸಿ ಸುತ್ತಿಟ್ಟೆವು.