ಮೂರು ಮಳೆಗಾಲ ದಾಟಿದ ಪೈಲಟ್: ಹಳೇ ವಾಚುಗಳ ಜೊತೆ ನನ್ನ ಅನುಭವ

ಈ ಜನವರಿಯಲ್ಲಿ, ಕಣದಲ್ಲಿ ಕಾಫಿ ಒಣಗುತ್ತಿದ್ದ ಒಂದು ಮಧ್ಯಾಹ್ನ, ಅಪ್ಪನ ಎಚ್‌ಎಂಟಿ ಪೈಲಟ್ ವಾಚಿನ ಹಿಂಬದಿ ಮುಚ್ಚಳ ಬಿಚ್ಚಿದೆ. ಲೂಪ್, ಅಂದರೆ ವಾಚು ರಿಪೇರಿಯವರ ಭೂತಗಾಜು, ಕಣ್ಣಿಗಿಟ್ಟು ಒಂದೊಂದೇ ಸ್ಕ್ರೂ ನೋಡಿದೆ. ಒಂದು ಚುಕ್ಕೆ ತುಕ್ಕಿಲ್ಲ. ಅತ್ತಿತ್ತ ಆಡುತ್ತಾ ಸಮಯ ಕಾಯುವ ಚಕ್ರ, ಬ್ಯಾಲೆನ್ಸ್ ವೀಲ್, ಮೊದಲಿನ ಹಾಗೇ ಆಡುತ್ತಿತ್ತು. ಇದು ಸತತ ಮೂರನೇ ಮಳೆಗಾಲ. ಅಲ್ಲೇ ಕೂತು ಫೋಟೊ ತೆಗೆದು ಭಾವನಿಗೆ ಕಳಿಸಿದೆ.

ಭಾವನಿಗೇ ಯಾಕೆ ಅಂದರೆ, ಎಲ್ಲರಿಗಿಂತ ಜಾಸ್ತಿ ಬೇಡ ಅಂದವರು ಅವರೇ. "ಭಾವ, ಕಕ್ಕಡ ತಿಂಗಳ ಜಡಿಮಳೆಯಲ್ಲಿ ನಮ್ಮ ಗೋಡೆಗೇ ಬೂಷ್ಟು ಹಿಡಿಯುತ್ತೆ. ಐವತ್ತು ವರ್ಷದ ವಾಚು ಉಳಿಯುತ್ತಾ? ಹಳೇದರ ಥರಾನೇ ಕಾಣೋ ಹೊಸದು ಸಿಗುತ್ತಲ್ಲ, ಅದನ್ನ ತಗೊಳ್ಳಿ" ಅಂತ ಪ್ರತಿ ವರ್ಷ ಹೇಳುತ್ತಿದ್ದರು. ಮಾತಿನಲ್ಲಿ ಹುರುಳಿತ್ತು. ನಮ್ಮ ಮನೆ ಮಡಿಕೇರಿಯಿಂದ ಭಾಗಮಂಡಲದ ಕಡೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಗೆದ ಬಟ್ಟೆ ಒಲೆ ಪಕ್ಕದಲ್ಲೇ ಒಣಗಬೇಕು.

ಅವರ ಮಾತು ಕೇಳಿ ಒಂದು ಹೊಸದನ್ನೂ ತೆಗೆದುಕೊಂಡೆ. ಒರಿಯೆಂಟ್ ಬ್ಯಾಂಬಿನೊ. ಆಗ 12–13 ಸಾವಿರ ಕೊಟ್ಟ ನೆನಪು. ಗಾಜು ಗುಮ್ಮಟದ ಹಾಗೆ ಉಬ್ಬಿದೆ, ಮುಳ್ಳುಗಳು ತೆಳ್ಳಗಿವೆ, ಒಳ್ಳೆಯ ವಾಚು. ಮದುವೆ ಮನೆಗೆ ಇವತ್ತಿಗೂ ಅದನ್ನೇ ಕಟ್ಟುತ್ತೇನೆ. ಆದರೆ ನನ್ನ ಸಣ್ಣ ಮಣಿಕಟ್ಟಿಗೆ 40 ಮಿ.ಮೀ. ದಾಟಿದ ವಾಚು ದೊಡ್ಡದೇ. ಪೈಲಟ್ 35ರ ಆಸುಪಾಸು, ಅಂಗಿ ತೋಳಿನ ಕೆಳಗೆ ಸುಮ್ನೆ ಸೇರಿಕೊಳ್ಳುತ್ತೆ. ಅದರ ಗಾಜು ಪ್ಲಾಸ್ಟಿಕ್ಕಿನದು. ಕಾಫಿ ಗಿಡ ಗೀರಿದರೆ ಹಲ್ಲುಜ್ಜುವ ಪೇಸ್ಟ್ ಹಾಕಿ ಹತ್ತು ನಿಮಿಷ ತಿಕ್ಕಿದರೆ ಗೀರು ಹೋಗುತ್ತೆ. ಹೊಸದರ ಗಾಜಿಗೆ ಗೀರು ಬಿದ್ದರೆ ಅದು ಅಲ್ಲೇ. ಇನ್ನು ಈಗ ಕೆಲವು ಹೊಸ ವಾಚುಗಳಿಗೆ ಹಳೇದಾಗಿ ಕಾಣಲಿ ಅಂತಲೇ ಅಂಕಿಗಳಿಗೆ ಮಾಸಲು ಹಳದಿ ಬಣ್ಣ ಹಚ್ಚಿ ಕಳಿಸುತ್ತಾರೆ. ಅದು ನನಗೆ ಸುತರಾಂ ಹಿಡಿಸಲಿಲ್ಲ. ಅಪ್ಪನ ಪೈಲಟ್‌ನಲ್ಲಿ ನಾಲ್ಕು ಗಂಟೆಯ ಗುರುತು ಮಾತ್ರ ಬೇರೆಯವಕ್ಕಿಂತ ಕಂದಾಗಿದೆ. ಎಂದೋ ಅಲ್ಲಿ ನೀರು ಹೊಕ್ಕಿರಬೇಕು. ಸೇನೆಯಿಂದ ನಿವೃತ್ತರಾಗಿ ಊರಿಗೆ ಬಂದ ದಿನವೂ ಅಪ್ಪನ ಕೈಯಲ್ಲಿ ಇದೇ ಇತ್ತು. ಆ ಕಂದು ಚುಕ್ಕೆ ಯಾವ ಅಂಗಡಿಯಲ್ಲೂ ಸಿಗಲ್ಲ.

ಸರಿ, ನಾನು ಕೆಡಿಸಿಕೊಂಡದ್ದನ್ನು ಮೊದಲು ಹೇಳುತ್ತೇನೆ.

ಮೊದಲ ವರ್ಷ ವಾಚುಗಳನ್ನು ಒಲೆ ಮೇಲಿನ ಅಟ್ಟದಲ್ಲಿಟ್ಟೆ. ಮೆಣಸು, ಏಲಕ್ಕಿ ಎಲ್ಲಾ ಅಲ್ಲೇ ಚೆನ್ನಾಗಿರುತ್ತಲ್ಲ ಅಂತ. ಎರಡೇ ತಿಂಗಳಿಗೆ ಎಚ್‌ಎಂಟಿಯದೇ ಒಂದು ಜನತಾ ವಾಚಿನ ಡಯಲ್ ಬಣ್ಣ ಸೀಳಿತು. ಎಣ್ಣೆ ಒಣಗಿ ಎರಡು ವಾಚು ನಿಂತವು. ಹೊಗೆ ವಾಸನೆ ಸ್ಟ್ರ್ಯಾಪ್‌ನಿಂದ ಇವತ್ತಿಗೂ ಹೋಗಿಲ್ಲ. ಮರುವರ್ಷ ಡಬ್ಬಿಯಲ್ಲಿ ಹುರಿದ ಅಕ್ಕಿ ಹಾಕಿ ನೋಡಿದೆ. ಒಂದು ವಾರ ಕೆಲಸ ಮಾಡಿತು, ಆಮೇಲೆ ಹುಳ ಬಂತು. ಸುಟ್ಟ ಸುಣ್ಣದ ಕಲ್ಲನ್ನು ಬಾಟಲಿಯಲ್ಲಿ ಹಾಕಿ ಡಬ್ಬಿಯೊಳಗಿಟ್ಟೆ. ಅದು ನೀರು ಕುಡಿದು ಉಬ್ಬಿ ಬಾಟಲಿಯನ್ನೇ ಒಡೆಯಿತು, ಡಬ್ಬಿ ತುಂಬ ಬಿಳಿ ಪುಡಿ. ಸದ್ಯ, ಅವತ್ತು ಒಳಗೆ ಬರೀ ಸ್ಟ್ರ್ಯಾಪ್‌ಗಳಿದ್ದವು.

ಎಲ್ಲಕ್ಕಿಂತ ದುಬಾರಿ ಪಾಠ ಕಪಾಟಿನಲ್ಲಿ ನೇತುಹಾಕುವ ತೇವ ಹೀರುವ ಚೀಲದ್ದು. ಅದು ಗಾಳಿಯ ನೀರು ಎಳೆದು ಕೆಳಗೆ ಉಪ್ಪುನೀರು ತುಂಬಿಕೊಳ್ಳುತ್ತೆ. ನಾನು ಅದನ್ನು ವಾಚಿನ ಪೆಟ್ಟಿಗೆಯಲ್ಲಿ ಮಲಗಿಸಿಟ್ಟಿದ್ದೆ. ಸೋರಿತು. ನಾಲ್ಕು ವಾಚಿನ ಕೇಸು ತಿಂದು ಹೋಯಿತು. ರಿಪೇರಿ, ಬಿಡಿಭಾಗ ಸೇರಿ ಐದು ಸಾವಿರದ ಹತ್ತಿರ ನಷ್ಟ. ಕ್ಯಾಮೆರಾದವರು ಇಡುವ ಕರೆಂಟಿನ ಡ್ರೈ ಕ್ಯಾಬಿನೆಟ್ಟೂ ತಂದೆ, ಎಂಟು ಸಾವಿರ ಚಿಲ್ಲರೆ. ನಮ್ಮಲ್ಲಿ ಮಳೆಗಾಲದ ಕರೆಂಟು ಗೊತ್ತಲ್ಲ. ಕೊಡಗಿನಲ್ಲಿ ಪ್ರವಾಹ, ಭೂಕುಸಿತವಾದ 2018ರ ಆಗಸ್ಟ್ ಕಂಡವರಿಗಂತೂ ಹೇಳಬೇಕಾಗಿಲ್ಲ. ಮಾರಿಬಿಟ್ಟೆ.

ಗೆದ್ದದ್ದು ಇಷ್ಟು ಸರಳ. ಒಂದು, ಮುಚ್ಚಳ ಬಿಚ್ಚುವ ಕೆಲಸವೆಲ್ಲಾ ಜನವರಿ–ಫೆಬ್ರವರಿಯಲ್ಲೇ. ಸರ್ವೀಸ್, ಎಣ್ಣೆ, ಹೊಸ ಗ್ಯಾಸ್ಕೆಟ್ (ಮುಚ್ಚಳದ ಸಂದಿ ಮುಚ್ಚುವ ಉಂಗುರ), ಅದಕ್ಕೆ ತೆಳ್ಳಗೆ ಸಿಲಿಕೋನ್ ಗ್ರೀಸ್. ಒಳಗೆ ಸೇರಿಕೊಳ್ಳುವ ಗಾಳಿ ಒಣಗಾಳಿಯೇ ಆಗಿರಬೇಕು. ಮೊದಲು ನಾನು ಜುಲೈಯಲ್ಲಿ ರಿಪೇರಿ ಮಾಡಿಸುತ್ತಿದ್ದೆ, ಅಂದರೆ ನಾನೇ ಕೈಯಾರೆ ಮಳೆಯನ್ನು ಒಳಗಿಟ್ಟು ಮುಚ್ಚುತ್ತಿದ್ದೆ. ಆಮೇಲೆ ಗಾಜಿನ ಒಳಗೆ ಮಂಜು ಕೂತಿತು ಅಂತ ಗೋಳಾಡುತ್ತಿದ್ದೆ.

ಎರಡು, ರಬ್ಬರ್ ಉಂಗುರ ಇರುವ, ನಾಲ್ಕೂ ಕಡೆ ಲಾಕ್ ಆಗುವ ಅಡುಗೆಮನೆ ಡಬ್ಬಿ. ಅದರಲ್ಲಿ ತೇವ ಹೀರುವ ಸಿಲಿಕಾ ಜೆಲ್ ಹರಳು, ಬಣ್ಣ ಬದಲಾಗುವಂಥದ್ದು. ಕಾಲು ಕೆಜಿಯಷ್ಟು ಸಾಕು. ಬಣ್ಣ ತಿರುಗಿದಾಗ ಹಳೇ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿದರೆ ಮತ್ತೆ ಮೊದಲಿನ ಬಣ್ಣಕ್ಕೆ ಬರುತ್ತೆ. ಆ ಬಾಣಲೆ ಅಡುಗೆಗೆ ಬೇಡ, ನೀಲಿ ಜೆಲ್‌ನಲ್ಲಿ ಕೋಬಾಲ್ಟ್ ಇರುತ್ತೆ. ಜುಲೈಯಲ್ಲಿ ಹತ್ತು ದಿನಕ್ಕೊಮ್ಮೆ ಹುರಿದೆ. ಹೊರಗೆ ಗಾಳಿಯ ತೇವ ಶೇ. 95, ಡಬ್ಬಿಯೊಳಗೆ 42–45. ತೇವ ಅಳೆಯುವ ಮೀಟರ್ 300 ರೂಪಾಯಿಯದು. ಅದನ್ನೂ ನಂಬಬೇಡಿ. ಚೂರು ಉಪ್ಪನ್ನು ಒದ್ದೆ ಮಾಡಿ, ಮೀಟರ್ ಜೊತೆ ಗಾಳಿಯಾಡದ ಕವರಿನಲ್ಲಿ ಒಂದು ರಾತ್ರಿ ಇಟ್ಟರೆ 75 ತೋರಿಸಬೇಕು. ನನ್ನದು 81 ತೋರಿಸಿತು. ಈಗ ಆರು ಕಳೆದು ಓದುತ್ತೇನೆ.

ಚರ್ಮದ ಸ್ಟ್ರ್ಯಾಪ್ ಮೇ ಕೊನೆಗೇ ಬಿಚ್ಚಿಬಿಡಿ. ಬೂಷ್ಟು ಮೊದಲು ಹತ್ತುವುದು ಅಲ್ಲಿಗೇ. ಮಳೆಗಾಲಕ್ಕೆ ನೈಲಾನ್. ಕೈಯಿಂದ ತೆಗೆದ ವಾಚನ್ನು ಒರೆಸಿ, ಬೆವರು ಆರಿದ ಮೇಲಷ್ಟೇ ಡಬ್ಬಿಗೆ. ಮಳೆ ಬಿಡದ ದಿನ ತೋಟಕ್ಕೆ ಹಳೇದು ಬೇಡ, ಅಷ್ಟು ಹಟ ನನಗೂ ಇಲ್ಲ.

ಕೀ ಕೊಡುವ ಕಡ್ಡಿ ಕೇಸಿನೊಳಗೆ ಹೋಗುವ ತೂತೇ ಈ ವಾಚುಗಳ ದೊಡ್ಡ ಬಾಗಿಲು. ಅದಕ್ಕೆ ನಾನೊಂದು ಉಪಾಯ ಮಾಡಿದ್ದೇನೆ. ಎರಡು ವರ್ಷ ತಲೆ ಕೆಡಿಸಿಕೊಂಡು ಕಂಡುಕೊಂಡದ್ದು, ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಗ್ಯಾಸ್ಕೆಟ್ ಕೊಡುವ ಅಂಗಡಿ ಹೆಸರನ್ನೂ ಕೇಳಬೇಡಿ. ಅವರ ಹತ್ತಿರ ಇರುವುದೇ ಒಂದು ಡಬ್ಬಿ.

ಕೊಳ್ಳುವ ವಿಷಯಕ್ಕೆ ಒಂದು ಮಾತು. 1961ರಲ್ಲಿ ಜಪಾನಿನ ಸಿಟಿಜನ್ ಜೊತೆ ಸೇರಿ ಬೆಂಗಳೂರಿನಲ್ಲಿ ಶುರುವಾದ ಎಚ್‌ಎಂಟಿ ವಾಚು ಕಂಪನಿಯನ್ನು 2016ರಲ್ಲಿ ಮುಚ್ಚುವ ತೀರ್ಮಾನವಾಯಿತಲ್ಲ, ಅಲ್ಲಿಂದ ಬೆಲೆ ಏರಿದ್ದೇ ಏರಿದ್ದು. ನಾನು 600–700ಕ್ಕೆ ತಂದ ಜನತಾಗೆ ಈಗ ಮೂರು ಪಟ್ಟು ಕೇಳುತ್ತಾರೆ. ಅದರ ಬೆನ್ನಿಗೇ ಬಣ್ಣ ಬಳಿದ ಡಯಲ್‌ಗಳೂ ಬಂದವು. ಕಿತ್ತಳೆ ಬಣ್ಣದ ಪೈಲಟ್ ಒಂದಕ್ಕೆ 1,800 ಕೊಟ್ಟು ಮೋಸ ಹೋದೆ. ಲೂಪಿನಲ್ಲಿ ನೋಡಿದರೆ ಅಕ್ಷರದ ಅಂಚು ಮಸಿ ಹರಡಿದ ಹಾಗಿತ್ತು, ನಿಮಿಷದ ಗೆರೆಗಳು ಅಂಕಿಗೆ ನೇರ ಇರಲಿಲ್ಲ. ಒಳಗಿನ ಯಂತ್ರ ಮಾತ್ರ ಗಟ್ಟಿ. ಈಗ ಅದನ್ನು ಪ್ರಯೋಗಕ್ಕೆ ಇಟ್ಟುಕೊಂಡಿದ್ದೇನೆ. ಬೇಕಂತಲೇ ಡಬ್ಬಿಗೆ ಹಾಕದೆ ಹೊರಗೆ ಮೇಜಿನ ಮೇಲೆ ಒಂದು ಮಳೆಗಾಲ ಬಿಟ್ಟೆ. ಜೂನ್‌ನಲ್ಲಿ ದಿನಕ್ಕೆ 20 ಸೆಕೆಂಡು ಮುಂದಿತ್ತು, ಸೆಪ್ಟೆಂಬರ್‌ಗೆ ಮೂರು ನಿಮಿಷ ಹಿಂದೆ. ಡಬ್ಬಿಯಲ್ಲಿದ್ದ ಅಪ್ಪನದು 15–20 ಸೆಕೆಂಡು ಮುಂದೆ, ಮೊದಲೂ ಅಷ್ಟೇ, ಆಮೇಲೂ ಅಷ್ಟೇ. ಗಂಟೆಗೆ 18,000 ಬಡಿತದ ಹಳೇ ಯಂತ್ರಕ್ಕೆ ಇದು ಭರ್ತಿ ಆಯಿತು.

ಹಳೇ ಸ್ವಿಸ್ ವಾಚು ಸಿಕ್ಕಿದರೆ ಹೊಳೆಯುವ ಮುಳ್ಳು, ಅಂಕಿಗಳನ್ನು ಕೆರೆಯಲು ಹೋಗಬೇಡಿ. ವಿಕಿರಣ ಸೂಸುವ ರೇಡಿಯಂ ಇರಬಹುದು. ಹೊಳಪು ಸತ್ತಿದ್ದರೂ ರೇಡಿಯಂ ಸತ್ತಿರಲ್ಲ.

ಫೋಟೊ ನೋಡಿದ ಭಾವ ಎರಡು ದಿನ ಏನೂ ಹೇಳಲಿಲ್ಲ. ಮೂರನೇ ದಿನ ಮನೆಗೇ ಬಂದರು. ಕರವಸ್ತ್ರದ ಗಂಟಿನಲ್ಲಿ ಅವರ ಅಜ್ಜನ ಹಳೇ ಸ್ವಿಸ್ ವಾಚು, ವೆಸ್ಟ್ ಎಂಡ್ ಸೋವಾರ್ ಪ್ರೈಮಾ. ಗಾಜು ಒಡೆದಿದೆ, ಕೀ ಕೊಡುವ ತಲೆಯೇ ಇಲ್ಲ. "ಇದು ಓಡುತ್ತಾ ಭಾವ?" ಅಂದರು. ಲೂಪ್ ಹಾಕಿ ಮುಚ್ಚಳ ತೆಗೆದು, ಚಿಮ್ಮಟದ ತುದಿಯಿಂದ ಬ್ಯಾಲೆನ್ಸ್ ವೀಲ್ ಮೆಲ್ಲಗೆ ಮುಟ್ಟಿದೆ. ನಾಲ್ಕೈದು ಸಲ ಆಡಿ ನಿಂತಿತು. ಈಗ ಅದಕ್ಕೆ ಹೊಂದುವ ತಲೆ ಹುಡುಕುತ್ತಿದ್ದೇನೆ. ಜೂನ್ ಒಳಗೆ ಸಿಗಬೇಕು.