ಹಳೇ ಕಾಂಕ್ರೀಟಿಗೆ ಫೈಬರ್ ರಾಡ್ ಕೂರಿಸುವುದು ಹೇಗೆ?

ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ಸವಳು ನೆಲದಲ್ಲಿ ಕಟ್ಟಿದ ಕಾಂಪೌಂಡು, ನೀರಿನ ತೊಟ್ಟಿಗಳ ಬುಡ ನೋಡಿ. ಉಪ್ಪು, ತೇವ ಎರಡೂ ಸೇರಿ ಒಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬುತ್ತದೆ, ಕಾಂಕ್ರೀಟನ್ನೇ ಸೀಳುತ್ತದೆ. ಅಂಥ ಗೋಡೆಯನ್ನು ಮುಂದಕ್ಕೆ ಬೆಳೆಸುವಾಗ ಗಾಜಿನ ನಾರಿನ ಫೈಬರ್ ರಾಡ್ ಹಾಕಬಹುದು. ಇದಕ್ಕೆ ತುಕ್ಕಿಲ್ಲ, ತೂಕ ಕಬ್ಬಿಣದ ಸುಮಾರು ಕಾಲು ಭಾಗ. ಕೊಳ್ಳುವಾಗ ಈ ರಾಡಿನ ಭಾರತೀಯ ಮಾನಕ ಐಎಸ್ 18256 ಪ್ರಕಾರದ ಟೆಸ್ಟ್ ಸರ್ಟಿಫಿಕೇಟ್ ಕೇಳಿ. ಮೈ ನುಣುಪಾದ ರಾಡ್ ಬೇಡ, ಮರಳು ಅಂಟಿಸಿದ್ದು ಅಥವಾ ಏಣು ಇರುವುದೇ ಬೇಕು.

ಬಾಲ್ಕನಿ, ಸಜ್ಜಾ ಮುಂದಕ್ಕೆ ಚಾಚಲು ಇದನ್ನು ನೀವೇ ನಿರ್ಧರಿಸಿ ಹಾಕಬೇಡಿ. ಕಬ್ಬಿಣ ಮುರಿಯುವ ಮುಂಚೆ ಬಾಗಿ ಸೂಚನೆ ಕೊಡುತ್ತದೆ, ಇದು ಕೊಡುವುದಿಲ್ಲ. ಎಷ್ಟು ರಾಡ್, ಎಷ್ಟು ಆಳ ಅನ್ನೋದನ್ನು ಎಂಜಿನಿಯರ್ ಬರೆದು ಕೊಡಲಿ.

ಹಳೇ ಕಾಂಕ್ರೀಟಿಗೆ ತೂತು ಕೊರೆದು, ಎಪಾಕ್ಸಿ ಅಂಟು ತುಂಬಿ, ಅದರೊಳಗೆ ರಾಡ್ ಕೂರಿಸುವುದೇ ಈ ಕೆಲಸ. ಮೊದಲು ಸುತ್ತಿಗೆಯಿಂದ ಗೋಡೆ ತಟ್ಟಿ ನೋಡಿ. ಟೊಳ್ಳು ಸದ್ದು ಬಂದ ಕಡೆ ಕೆತ್ತಿ ತೆಗೆಯಿರಿ. ತೂತಿನ ಆಳವನ್ನು ಪ್ಲಾಸ್ಟರಿನಿಂದಲ್ಲ, ಗಟ್ಟಿ ಕಾಂಕ್ರೀಟಿನಿಂದ ಅಳೆಯಬೇಕು. ಹಳೇ ಕಬ್ಬಿಣ ಎಲ್ಲಿದೆ ಅಂತ ಸ್ಕ್ಯಾನರಿನಲ್ಲಿ ಗುರುತು ಮಾಡಿಕೊಂಡೇ ಹ್ಯಾಮರ್ ಡ್ರಿಲ್ ಹಿಡಿಯಿರಿ. 12 ಎಂಎಂ ರಾಡಿಗೆ ಸಾಮಾನ್ಯವಾಗಿ 16 ಎಂಎಂ ಬಿಟ್. ಆದರೂ ಅಂಟಿನ ಕಂಪನಿಯ ಪಟ್ಟಿ ನೋಡಿಯೇ ಬಿಟ್ ಆರಿಸಿ.

ಕೆಲಸ ಕೆಡೋದೆಲ್ಲಾ ಧೂಳಿನಲ್ಲೇ. ಬಾಯಿಂದ ಊದಿ, ಒಂದು ಕಡ್ಡಿ ಆಡಿಸಿ ಮುಂದಕ್ಕೆ ಹೋಗುವ ಗೌಂಡಿಗಳೇ ಜಾಸ್ತಿ. ಹಾಗೆ ಮಾಡಿದರೆ ಅಂಟು ಹಿಡಿಯೋದು ಧೂಳನ್ನು, ಕಾಂಕ್ರೀಟನ್ನಲ್ಲ. ತೂತಿನ ತಳಕ್ಕೆ ಪೈಪ್ ಇಳಿಸಿ ಎಣ್ಣೆ ಪಸೆ ಇಲ್ಲದ ಕಂಪ್ರೆಸರ್ ಗಾಳಿ ಊದಿ. ತಂತಿ ಬ್ರಷ್ ತಿರುಗಿಸಿ, ಮತ್ತೆ ಊದಿ. ಧೂಳು ಬರೋದು ಪೂರ್ತಿ ನಿಲ್ಲುವ ತನಕ ಇದೇ ನಡೆಯಲಿ.

ರಾಡನ್ನು ಡೈಮಂಡ್ ಬ್ಲೇಡಿನಲ್ಲೇ ಕತ್ತರಿಸಿ. ಕಟರ್ ಒತ್ತಿದರೆ ನಾರು ಜಜ್ಜಿಹೋಗುತ್ತದೆ. ಮಾಸ್ಕ್, ಗ್ಲೌಸ್ ಮರೀಬೇಡಿ, ಗಾಜಿನ ಸೂಜಿ ಚರ್ಮಕ್ಕೆ ಹೊಕ್ಕರೆ ಉರಿ ತಾಳೋಕಾಗಲ್ಲ. ಸೈಟಿನಲ್ಲಿ ಬಗ್ಗಿಸೋ ಮಾತೇ ಇಲ್ಲ. ಬೆಂಡ್ ಬೇಕಿದ್ದರೆ ಫ್ಯಾಕ್ಟರಿಯಿಂದಲೇ ಮಾಡಿಸಿ ತರಬೇಕು.

ಈಗ ಎಪಾಕ್ಸಿ. ಅಂಟು ತುಂಬುವ ಗನ್ನಿನಿಂದ ಮೊದಲು ಬರುವ ಅಂಟನ್ನು ಚೆಲ್ಲಿ, ಬಣ್ಣ ಒಂದೇ ಸಮ ಆದ ಮೇಲೆ ತೂತಿನ ತಳದಿಂದ ಶುರು ಮಾಡಿ. ಮೂರರಲ್ಲಿ ಎರಡು ಪಾಲು ತುಂಬುತ್ತಾ ನಾಝಲನ್ನು ಹಿಂದಕ್ಕೆ ಎಳೆದುಕೊಳ್ಳಿ. ರಾಡನ್ನು ತಿರುಗಿಸುತ್ತಾ ಒಳಗೆ ತಳ್ಳಿ. ತೂತಿನ ಬಾಯಿಯಿಂದ ಅಂಟು ಸ್ವಲ್ಪ ಹೊರಗೆ ಉಕ್ಕಬೇಕು, ಉಕ್ಕದಿದ್ದರೆ ಅಂಟು ಸಾಲದಾಗಿದೆ, ಇಲ್ಲವೇ ಒಳಗೆ ಗಾಳಿ ಉಳಿದಿದೆ ಅಂತ ಅರ್ಥ. ಏಪ್ರಿಲ್-ಮೇನಲ್ಲಿ ಈ ಕೆಲಸ ಬೆಳಗ್ಗೆಯೇ ಮುಗಿಸಿ. ಬಿಸಿಲಿಗೆ ಕಾದ ಗೋಡೆಯಲ್ಲಿ ಅಂಟು ನೀವು ರಾಡ್ ಎತ್ತಿಕೊಳ್ಳುವಷ್ಟರಲ್ಲೇ ಬಿಗಿಯಬಹುದು. ಅಂಟಿನ ಕಾರ್ಟ್ರಿಡ್ಜ್ (ಟ್ಯೂಬ್) ನೆರಳಲ್ಲಿರಲಿ.

ಅಂಟು ಒಣಗುವ ತನಕ ರಾಡ್ ಮುಟ್ಟಬೇಡಿ, ಸೆಂಟ್ರಿಂಗ್ ಹಲಗೆ ಒರಗಿಸಲೂ ಬೇಡಿ. ಆಮೇಲೆ ಒಂದೆರಡು ರಾಡಿಗೆ ಪುಲ್ ಟೆಸ್ಟ್, ಅಂದರೆ ಜಾಕಿನಿಂದ ಎಳೆದು ಹಿಡಿತ ನೋಡುವ ಪರೀಕ್ಷೆ, ಮಾಡಿಸಿ. ಕಬ್ಬಿಣಕ್ಕೆ ಕಚ್ಚುವ ಜಾಕಿನ ಹಲ್ಲು ಫೈಬರನ್ನು ಪುಡಿ ಮಾಡುತ್ತದೆ. ಹಾಗಾಗಿ ರಾಡಿನ ತುದಿಗೆ ಸ್ಟೀಲ್ ಪೈಪ್ ತೂರಿಸಿ, ಒಳಗೆ ಎಪಾಕ್ಸಿ ತುಂಬಿ, ಅದು ಪೂರ್ತಿ ಗಟ್ಟಿಯಾದ ಮೇಲೆ ಪೈಪನ್ನೇ ಹಿಡಿದು ಎಳೆಯಬೇಕು. ಟೆಸ್ಟ್ ಮಾಡುವವರಿಗೆ ಇದನ್ನು ಮೊದಲೇ ಹೇಳಿಡಿ.